ಬಾಯಮ್ಮನಿಗೆ ಕೊಟ್ಟ ಡೇರೆ ಗಡ್ಡೆ

ಡೇರೆ ಹೂವಿನ ವಿಷಯದಲ್ಲಿ ನನ್ನನ್ನು ಕೇಳಿಕೊಂಡು ಬರುವವರಿದ್ದಾರೆ. ಜಡಿಮಳೆಯ ಆಟಿ ತಿಂಗಳು ಕಳೆದು ಸ್ವಲ್ಪ ಬಿಸಿಲು ಬಿದ್ದಿತೆಂದರೆ ಸಾಕು, ಉದ್ಯಾವರದ ನಮ್ಮ ಓಣಿಯಲ್ಲಿ ಸ್ಕೂಟರುಗಳು ನನ್ನ ಗೇಟಿನ ಮುಂದೆ ನಿಲ್ಲುತ್ತವೆ. ಮಟ್ಟು ಕಡೆಗೆ ಸಮುದ್ರ ನೋಡಲು ಹೊರಟವರೂ ಕಾಲೂರಿ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕಾಪುವಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದೆ. ಅದಕ್ಕಾಗಿ ಯಾರೂ ನನ್ನ ಗೇಟಿನ ಮುಂದೆ ನಿಂತದ್ದಿಲ್ಲ. ಹಾಗಾಗಿ ನಿವೃತ್ತಿಯಾದ ಮೇಲೆ ನನ್ನ ಜಂಬವೆಲ್ಲ ಆ ಹದಿನೆಂಟು ಗಿಡಗಳಲ್ಲಿ ಹೋಗಿ ಕೂತಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ನನ್ನ ಮಾನ ಉಳಿಯುವಂಥದ್ದು ಹೆಚ್ಚೇನೂ ಇಲ್ಲ.

ಘಟ್ಟದ ಮೇಲಿನವರಿಗೆ ಡೇರೆ ಸುಲಭ. ನಮ್ಮ ಕರಾವಳಿಯಲ್ಲಿ ಜೂನಿನ ಮಳೆಗೆ ಅದರ ಗಡ್ಡೆ ಕೊಳೆಯುತ್ತದೆ, ಏಪ್ರಿಲಿನ ಸೆಕೆಗೆ ಸುಕ್ಕಾಗಿ ಒಣಗುತ್ತದೆ. ಪುಸ್ತಕಗಳಲ್ಲಿರುವುದು ಹಿಮ ಬೀಳುವ ಊರಿನವರ ಕಷ್ಟ. ಅವರು ಗಡ್ಡೆಯನ್ನು ಚಳಿಯಿಂದ ಕಾಯುತ್ತಾರೆ, ನಾವು ಸೆಕೆಯಿಂದ ಕಾಯಬೇಕು. ದೀಪಾವಳಿ ಕಳೆದು ಗಿಡ ಹಳದಿಯಾದಾಗ ಗೇಣುದ್ದ ದಂಟು ಬಿಟ್ಟು ಕತ್ತರಿಸುತ್ತೇನೆ. ಹದಿನೈದು ದಿನ ಕಳೆದು, ಬುಡದಿಂದ ದೂರಕ್ಕೆ ಅಗೆದು, ಗಡ್ಡೆಗಳ ಗೊಂಚಲನ್ನು ಇಡಿಯಾಗಿ ಎತ್ತಿ ನೆರಳಿನಲ್ಲಿ ಒಣಗಿಸುತ್ತೇನೆ. ಆಮೇಲೆ ಜರಡಿ ಹಿಡಿದ ಒಲೆ ಬೂದಿಗೆ ಒಣ ಹೊಯಿಗೆ, ಅಂದರೆ ಮರಳು, ಬೆರೆಸಿ, ಮಣ್ಣಿನ ಮಡಕೆಗಳಲ್ಲಿ ಹುಗಿದು ಮೆಟ್ಟಿಲ ಕೆಳಗಿನ ತಂಪಿನಲ್ಲಿ ಇಡುವುದು. ತಿಂಗಳಿಗೊಮ್ಮೆ ಕೈಹಾಕಿ ನೋಡಬೇಕು. ಮೆತ್ತಗಾದದ್ದನ್ನು ಎಸೆಯಬೇಕು, ಸುಕ್ಕಾದದ್ದಕ್ಕೆ ನಾಲ್ಕು ಹನಿ ನೀರು ಚಿಮುಕಿಸಬೇಕು.

ಮೇ ಕೊನೆಗೆ ಹಳೆಯ ದಂಟಿನ ಬುಡದಲ್ಲಿ, ಗಡ್ಡೆಯ ಕುತ್ತಿಗೆ ಬಂದು ಸೇರುವ ಕಡೆ, ಸಾಸಿವೆಯಷ್ಟು ಕೆಂಪು ಕಣ್ಣುಗಳು ಉಬ್ಬುತ್ತವೆ. ಆಗ ಚೂರಿ ಹಿಡಿಯಬೇಕು. ಪ್ರತಿ ಗಡ್ಡೆಗೂ ಆ ಬುಡದ ಒಂದು ಚೂರು, ಅದರಲ್ಲಿ ಒಂದಾದರೂ ಕಣ್ಣು ಬರುವ ಹಾಗೆ ಸೀಳಬೇಕು. ಬಟಾಟೆಯ ಹಾಗೆ ಡೇರೆಗೆ ಮೈತುಂಬ ಕಣ್ಣಿಲ್ಲ. ಕುತ್ತಿಗೆಯಲ್ಲಿ ಮುರಿದುಕೊಂಡ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ವಿಚಿತ್ರವೆಂದರೆ ಅದು ಬೇಗ ಸಾಯುವುದೂ ಇಲ್ಲ. ಬೇರು ಬಿಟ್ಟುಕೊಂಡು ಗಟ್ಟಿಯಾಗಿಯೇ ಮಣ್ಣಿನಲ್ಲಿ ಕೂತಿರುತ್ತದೆ, ಒಂದು ವರ್ಷ, ಎರಡು ವರ್ಷ. ಇದನ್ನು ಕಾರ್ಕಳದ ಮನೆಯಲ್ಲಿ ಅಮ್ಮ ನನಗೆ ಲಂಗ ಉಡುವ ವಯಸ್ಸಿನಲ್ಲೇ ಕಲಿಸಿದ್ದಳು.

ನನ್ನ ಮನೆಯಲ್ಲಿ ಒಲೆಯಿಲ್ಲ. ಅಡುಗೆಗೆ ಗ್ಯಾಸು, ಸ್ನಾನಕ್ಕೆ ಸೋಲಾರು. ಬೂದಿ ಕೊಡುತ್ತಿದ್ದವರು ಪಕ್ಕದ ಮನೆಯವರು. ಗಂಡ ಕುವೈತಿನ ಕೆಲಸ ಬಿಟ್ಟು ಬಂದ ಮೇಲೆ ಇಲ್ಲಿ ಮನೆ ಕಟ್ಟಿಸಿದ ಕೊಂಕಣಿ ಮಾತಿನ ಕ್ರೈಸ್ತರು. ಆಕೆ ನನಗಿಂತ ಹತ್ತು ವರ್ಷ ಚಿಕ್ಕವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತೇನೆ, ಅವರು ನನ್ನನ್ನು ಟೀಚರ್ ಎನ್ನುತ್ತಾರೆ. ಓಣಿಯಲ್ಲಿ ಎಲ್ಲರೊಡನೆ ತುಳು ಮಾತನಾಡುವವರು ನನ್ನೊಡನೆ ಮಾತ್ರ ಕನ್ನಡ, ಅದೂ ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಕೊಡುವವರಂತೆ. ಅವರ ಬಚ್ಚಲಿನ ಹಂಡೆಗೆ ಈಗಲೂ ತೆಂಗಿನ ಮಡಲಿನ ಬೆಂಕಿ. ಪ್ರತಿ ಡಿಸೆಂಬರಿನಲ್ಲಿ ಒಂದು ಬುಟ್ಟಿ ಬೂದಿಯನ್ನು ತಾವೇ ಜರಡಿ ಹಿಡಿದು ಕಾಂಪೌಂಡ್ ಗೋಡೆಯ ಮೇಲಿಟ್ಟು ಕೂಗುತ್ತಿದ್ದರು.

ಅವರ ಕೈಗೆ ಮಣ್ಣು ಹೇಳಿದ ಹಾಗೆ ಕೇಳುತ್ತಿತ್ತು. ಮಟ್ಟುವಿನ ಹೊರಗೆ ಸರಿಯಾಗಿ ಆಗದು ಎನ್ನುವ ಗುಳ್ಳ ಬದನೆ ಅವರ ಹಿತ್ತಿಲಲ್ಲಿ ಬುಟ್ಟಿಗಟ್ಟಲೆ ಆಗುತ್ತಿತ್ತು. ಒಂದು ಕಡ್ಡಿ ಊರಿ ಮರೆತುಬಿಟ್ಟರೂ ಅದು ಮಲ್ಲಿಗೆಯಾಗುತ್ತಿತ್ತು. ನಾನು ಅದನ್ನು ಹೊಗಳುತ್ತಿದ್ದೆ. ಹೊಗಳುವಾಗೆಲ್ಲ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತಿತ್ತು.

ನನ್ನ ಡೇರೆಗಳಲ್ಲಿ ಒಂದು ಅಮ್ಮನ ಕಾಲದ್ದು, ಕಾರ್ಕಳದಿಂದ ತಂದದ್ದು. ಕಡು ನೇರಳೆ ದಳಗಳು, ತುದಿಯಲ್ಲಿ ಮಾತ್ರ ಬಿಳಿ. ಹಳದಿ, ಕೆಂಪು, ಗುಲಾಬಿ ಯಾರು ಕೇಳಿದರೂ ಕೊಟ್ಟಿದ್ದೇನೆ. ಇದನ್ನು ಕೇಳಿದವರಿಗೆ ಏನಾದರೊಂದು ನೆಪ ಹೇಳಿದ್ದೇನೆ. ಒಂದು ಸೆಪ್ಟೆಂಬರಿನಲ್ಲಿ ಬಾಯಮ್ಮ ಗೋಡೆಯ ಆಚೆಯಿಂದ ಅದನ್ನೇ ನೋಡುತ್ತ ಕೇಳಿದರು.

"ಟೀಚರ್, ಇದರ ಒಂದು ಗಡ್ಡೆ ಸಿಗಬಹುದಾ? ತೆನೆ ಹಬ್ಬಕ್ಕೆ ಒಂಬತ್ತು ದಿವಸ ಮೇರಿ ಮಾತೆಗೆ ಹೂ ಇಡ್ಲಿಕ್ಕೆ ಉಂಟಲ್ವಾ. ನಮ್ಮದೇ ಗಿಡದ್ದು ಇಟ್ಟರೆ ಒಂದು ಖುಷಿ."

"ಅದಕ್ಕೆಂತ ಬಾಯಮ್ಮ, ಮೇ ತಿಂಗಳಲ್ಲಿ ಕೊಡ್ತೇನೆ," ಎಂದೆ. ಬೂದಿ ಕೊಡುವವರಿಗೆ ಇಲ್ಲವೆನ್ನುವುದು ಹೇಗೆ?

ಮೇ ಬಂತು. ಜಗುಲಿಯಲ್ಲಿ ಕೂತು ಚೂರಿ ಹಿಡಿದೆ. ಅವರ ಕೈಗೆ ಹೋದರೆ ಇದು ನನ್ನದಕ್ಕಿಂತ ದೊಡ್ಡ ಹೂ ಬಿಡುತ್ತದೆ, ಸ್ಕೂಟರುಗಳು ಇಲ್ಲಿ ನಿಲ್ಲದೆ ಹತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತವೆ ಎಂಬ ಯೋಚನೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಗೊಂಚಲಿನ ಅತಿ ದಪ್ಪನೆಯ ಮೂರು ಗಡ್ಡೆಗಳನ್ನು ಆರಿಸಿ, ಕುತ್ತಿಗೆಯಲ್ಲೇ ಮುರಿದೆ. ಮುರಿದ ಕಡೆ ನಯವಾಗಿ ಕತ್ತರಿಸಿ, ಯಾರಿಗೂ ಅನುಮಾನ ಬಾರದಂತೆ ಅರಸಿನ ಹಚ್ಚಿದೆ. ಅವಸರದಲ್ಲಿ ಆದ ತಪ್ಪಲ್ಲ ಅದು. ಅರಸಿನ ತರಲು ಅಡುಗೆಮನೆಗೆ ಎದ್ದು ಹೋಗಿ ಬಂದಿದ್ದೆ.

ಬಾಯಮ್ಮ ಪೇಪರಿನ ಪೊಟ್ಟಣ ಬಿಡಿಸಿ ಕಣ್ಣರಳಿಸಿದರು. "ಅಯ್ಯೋ ಟೀಚರ್, ಇಷ್ಟು ದೊಡ್ಡದ್ದು ನನಗೆ ಕೊಟ್ಟರೆ ನಿಮಗೆ ಎಂತ ಉಳಿಯಿತು?" ಮಾರನೆಯ ದಿನ ಇಡ್ಲಿಯಂಥ ಬಿಸಿ ಸಾನ್ನ ಒಂದು ಡಬ್ಬಿ ತುಂಬ ತಂದುಕೊಟ್ಟರು. ಅದನ್ನೂ ತಿಂದೆ.

ಜೂನ್ ಹೋಯಿತು, ಜುಲೈ ಹೋಯಿತು. ಚಿಗುರಲಿಲ್ಲ. ಒಂದು ಬೆಳಿಗ್ಗೆ ಅವರು ಗಡ್ಡೆ ನೆಟ್ಟಿದ್ದ ಚಟ್ಟಿಯ ಮಣ್ಣು ಕೆದಕಿ, ಗಡ್ಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಯ ಹತ್ತಿರ ಬಂದರು. "ಕೊಳೆಯಲಿಲ್ಲ ಟೀಚರ್! ಬೇರು ಬಂದಿದೆ ನೋಡಿ. ಜೀವ ಉಂಟು." ಮುಖದಲ್ಲಿ ಅಷ್ಟು ಸಂತೋಷ. "ಹಾಗಾದರೆ ಕಾಯಿರಿ, ಬರ್ತದೆ," ಎಂದೆ. ತೆನೆ ಹಬ್ಬದ ಮೊದಲ ದಿನ ಬಂದು ಒಂದು ಹೂ ಕೇಳಿದರು. ನಾನು ದೊಡ್ಡ ಮನಸ್ಸು ಮಾಡಿದವಳ ಹಾಗೆ ಒಂದು ಹೂ ಕೊಯ್ದು ಕೊಟ್ಟೆ. ಉಳಿದ ಎಂಟು ದಿನ ಅವರು ಕೇಳಲಿಲ್ಲ, ನಾನು ಕೊಡಲೂ ಇಲ್ಲ.

ನಾನು ಹೇಳಿಕೊಟ್ಟ ಹಾಗೆಯೇ ಆ ಮೂರು ಗಡ್ಡೆಗಳನ್ನು ಅವರು ಬೂದಿಯಲ್ಲಿ ಹುಗಿದಿಟ್ಟು, ಮರುವರ್ಷ ಮತ್ತೆ ನೆಟ್ಟರು. ಈ ಸಲ ಚಟ್ಟಿಯನ್ನು ಸೂರಿನ ಕೆಳಗಿಟ್ಟು ದಿನಕ್ಕೆರಡು ಸಲ ನೋಡುತ್ತಿದ್ದರು. ಇನ್ನೊಂದು ಗಡ್ಡೆ ಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮೊದಲ ವರ್ಷ ಹೊಟ್ಟೆಕಿಚ್ಚಿನಿಂದ ಕೊಡಲಿಲ್ಲ. ಎರಡನೆಯ ವರ್ಷ ಹೆದರಿಕೆಯಿಂದ ಕೊಡಲಿಲ್ಲ: ಹೊಸದು ಚಿಗುರಿದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ, ವ್ಯತ್ಯಾಸ ಗೊತ್ತಾಗುತ್ತದೆ.

"ನನ್ನ ಕೈ ಈ ಹೂವಿಗೆ ಆಗುವುದಿಲ್ಲ ಅಂತ ಕಾಣ್ತದೆ ಟೀಚರ್," ಎಂದರು ಒಂದು ದಿನ. ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಕೆಲವರ ಕೈಗೆ ಕೆಲವು ಬರುವುದಿಲ್ಲ ಬಾಯಮ್ಮ," ಎಂದೆ. ಗಡ್ಡೆ ಮುರಿದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಆ ಆಗಸ್ಟಿನಲ್ಲಿ ಮಣಿಪಾಲದಿಂದ ಮೂವರು ಹೆಂಗಸರು ಡೇರೆ ನೋಡಲು ಬಂದರು, ಹೇಗೆ ಬೆಳೆಸುವುದೆಂದು ಕೇಳಿದರು. ಕೇಳಿದ್ದೇ ತಡ, ನಾನು ಒಂದು ಗಿಡದ ಬುಡದ ಮಣ್ಣು ಸರಿಸಿ ಪಾಠ ಶುರುಮಾಡಿದೆ. ನನ್ನದು ಕೊನೆಯ ಬೆಂಚಿಗೂ ಕೇಳುವ ಸ್ವರ. "ಕಣ್ಣು ಇಲ್ಲಿ ಮಾತ್ರ ಇರುವುದು. ಕಣ್ಣಿಲ್ಲದ ಗಡ್ಡೆಯನ್ನು ಎಷ್ಟು ವರ್ಷ ನೆಟ್ಟರೂ ಚಿಗುರುವುದಿಲ್ಲ, ನೆನಪಿಟ್ಟುಕೊಳ್ಳಿ!" ಗೋಡೆಯ ಆಚೆ ಬಾಯಮ್ಮ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಬಾಯಮ್ಮ ಗಡ್ಡೆಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಆ ಚಟ್ಟಿಯಲ್ಲಿ ಬಸಳೆ ಬಂತು. ಇನ್ನು ಈ ಗೋಡೆಯ ಮೇಲೆ ಬೂದಿ ಕಾಣುವುದಿಲ್ಲವೆಂದು ನಾನು ತಿಳಿದುಕೊಂಡೆ. ಡಿಸೆಂಬರಿನಲ್ಲಿ ಬುಟ್ಟಿ ಅಲ್ಲಿಯೇ ಇತ್ತು, ಬೂದಿಯನ್ನು ಎಂದಿನಂತೆ ಜರಡಿ ಹಿಡಿದಿದ್ದರು.

ಅದರ ಮುಂದಿನ ನವೆಂಬರಿನಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ನನ್ನ ಮೊಣಕಾಲಿನ ಆಪರೇಷನ್ ಆಯಿತು. ಗಡ್ಡೆಗಳು ಇನ್ನೂ ಮಣ್ಣಿನಲ್ಲೇ ಇದ್ದವು. ಅಲ್ಲಿಂದ ನೇರ ಕಾರ್ಕಳಕ್ಕೆ, ತಂಗಿಯ ಮನೆಗೆ ಹೋದೆ. ಒಂದು ವಾರದಲ್ಲಿ ಬಾಯಮ್ಮನ ಫೋನು: "ಟೀಚರ್, ಗಡ್ಡೆ ಹಾಗೇ ಬಿಟ್ಟರೆ ಹಾಳಾಗ್ತದೆ. ನಾನು ತೆಗೆದಿಡ್ಲಾ?" ಆಗಲಿ ಎಂದೆ. ಫೋನು ಇಟ್ಟ ಮೇಲೆ, ತಮಗೆ ಬೇಕಾದ್ದನ್ನು ಅವರು ಇಟ್ಟುಕೊಳ್ಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೇಳದೆ ಕೇಳದೆ ಒಂದು ನೇರಳೆ ಗಡ್ಡೆ ಇಟ್ಟುಕೊಂಡರೆ ಇಬ್ಬರೂ ಸಮ ಆಗುತ್ತಿದ್ದೆವು. ಅಂಥ ಯೋಚನೆಯಲ್ಲಿ ಸಮಾಧಾನ ಹುಡುಕುವಷ್ಟು ನಾನು ಇಳಿದಿದ್ದೆ.

ಮೇ ಕೊನೆಗೆ ಕೋಲು ಊರಿಕೊಂಡು ಮನೆಗೆ ಬಂದೆ. ಬಾಯಮ್ಮ ಮತ್ತು ಅವರ ಗಂಡ ಮಡಕೆಗಳನ್ನು ಹೊತ್ತು ತಂದು ಜಗುಲಿಯಲ್ಲಿ ಸಾಲಾಗಿ ಇಟ್ಟರು. ಹದಿನೆಂಟು ಗೊಂಚಲು. ಒಂದೊಂದರ ದಂಟಿಗೂ ಬಟ್ಟೆಯ ಚೂರು ಕಟ್ಟಿ, ಪೆನ್ನಿನಲ್ಲಿ ಕನ್ನಡದಲ್ಲಿ ಬಣ್ಣದ ಹೆಸರು ಬರೆದಿದ್ದರು. ನೇರಳೆಯ ಗೊಂಚಲು ಇಡಿಯಾಗಿಯೇ ಇತ್ತು, ಒಂದು ಬೆರಳಿನಷ್ಟೂ ಮುರಿದಿರಲಿಲ್ಲ.

"ನಿಮಗೆ ಬಗ್ಗಲಿಕ್ಕೆ ಆಗುವುದಿಲ್ಲ. ನಾನು ಸೀಳ್ತೇನೆ, ನೀವು ಕೂತು ನೋಡಿ," ಎಂದು ಚೂರಿ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತರು. ಗಂಡ ಮನೆಗೆ ಹೋದರು. ನಾನು ಹೇಳಿಕೊಡುವುದು ಏನೂ ಇರಲಿಲ್ಲ. ಪ್ರತಿ ತುಂಡಿಗೂ ಒಂದು ಕಣ್ಣು, ಕೆಲವಕ್ಕೆ ಎರಡು. ಕೊನೆಗೆ ನೇರಳೆಯದನ್ನು ಎತ್ತಿಕೊಂಡರು. ಚೂರಿಯ ತುದಿಯಿಂದ ತೋರಿಸಿದರು.

"ಇಲ್ಲಿ ಕಣ್ಣು ಉಂಟು ನೋಡಿ ಟೀಚರ್. ಇದು ಇಲ್ಲದಿದ್ದರೆ ಎಂತ ಮಾಡಿದರೂ ಬರುವುದಿಲ್ಲ. ನನ್ನದರಲ್ಲಿ ಇದು ಇರಲಿಲ್ಲ." ತಲೆ ಎತ್ತಲಿಲ್ಲ. ಗಡ್ಡೆಯ ಬೂದಿಯನ್ನು ಹೆಬ್ಬೆರಳಿನಿಂದ ಒರೆಸುತ್ತ ಕೇಳಿದರು, "ನಿಮಗೂ ಆಗ ಗೊತ್ತಿರಲಿಕ್ಕಿಲ್ಲ, ಅಲ್ವಾ?"

ನನ್ನ ಪಾಠವನ್ನು ಅವರು ಗೋಡೆಯ ಆಚೆಯಿಂದ ಕೇಳಿದ್ದು ನನಗೆ ಗೊತ್ತು. ಗಡ್ಡೆ ಕೊಡುವಾಗಲೇ ನನಗೆ ಗೊತ್ತಿತ್ತೆಂದು ಅವರಿಗೂ ಹೊಳೆದಿರಬೇಕು. ನಾನು ಜಾರಿಕೊಳ್ಳಲೆಂದೇ ಅವರು ದಾರಿ ಬಿಟ್ಟುಕೊಟ್ಟಿದ್ದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಜಗುಲಿಯಲ್ಲಿ ನಾವಿಬ್ಬರೇ.

"ಇಲ್ಲ ಬಾಯಮ್ಮ," ಎಂದೆ, "ಆಗ ಗೊತ್ತಿರಲಿಲ್ಲ."

"ಹಾಗೇ ಇರಬೇಕು ಅಂತ ನಾನೂ ಮನಸ್ಸಿಗೆ ಹೇಳಿಕೊಂಡೆ," ಎಂದು ಸೀಳಿದ ಕಡೆಗೆ ಬೂದಿ ಹಚ್ಚಿದರು. ಈ ನೇರಳೆಯಲ್ಲಿ ದೊಡ್ಡದೊಂದನ್ನು ನೀವು ತೆಗೆದುಕೊಳ್ಳಿ ಎಂದು ಒತ್ತಾಯ ಮಾಡಿದೆ. ಅವರು ಎಲ್ಲಕ್ಕಿಂತ ಸಣ್ಣದನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಈ ವರ್ಷ ತೆನೆ ಹಬ್ಬಕ್ಕೆ ಮೊದಲೇ ಅವರ ಗೇಟಿನ ಹತ್ತಿರ ಅದು ಅರಳಿತು. ನಾನು ಹೆದರಿದ್ದಂತೆಯೇ ನನ್ನದಕ್ಕಿಂತ ದೊಡ್ಡ ಹೂ. ಸ್ಕೂಟರುಗಳು ಅಲ್ಲಿಯೂ ನಿಲ್ಲುತ್ತವೆ. ಕೇಳಿದವರಿಗೆಲ್ಲ ಅವರು "ಟೀಚರ್ ಕೊಟ್ಟದ್ದು" ಎನ್ನುವುದು ನನ್ನ ಜಗುಲಿಗೆ ಕೇಳಿಸುತ್ತದೆ. ಕೇಳಿಸಿದಾಗ ನಾನು ಎದ್ದು ಒಳಗೆ ಹೋಗುತ್ತೇನೆ.

ಹಬ್ಬದ ಎರಡನೆಯ ದಿನ ಒಂದು ಹೂ ಹಿಡಿದುಕೊಂಡು ಮನೆಗೇ ಬಂದರು. "ಮೊದಲನೆಯದು ನಿನ್ನೆ ಮಾತೆಗೆ ಇಟ್ಟೆ. ಇದು ನಿಮಗೆ." ನಾನು ಸ್ಟೀಲಿನ ಲೋಟದಲ್ಲಿ ನೀರು ತಂದು ಹೂವನ್ನು ಅದರಲ್ಲಿ ನಿಲ್ಲಿಸಿದೆ. ಬಾಯಮ್ಮ, ನನಗೆ ಗೊತ್ತಿತ್ತು. ಮೂರೇ ಪದದ ವಾಕ್ಯ. ಮೇ ತಿಂಗಳಿಂದ ದಿನವೂ ಮನಸ್ಸಿನಲ್ಲಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದೆ.

"ಒಳ್ಳೇ ಬಣ್ಣ ಬಂದಿದೆ ಬಾಯಮ್ಮ," ಎಂದೆ.

"ನಿಮ್ಮದೇ ಅಲ್ವಾ ಟೀಚರ್," ಎಂದರು ಅವರು. ಹೋಗುವಾಗ ನನ್ನ ಕೋಲನ್ನು ಎತ್ತಿ ನನಗೆ ಸಿಗುವ ಹಾಗೆ ಇಟ್ಟು ಹೋದರು.