ಸಾಲಿಗೆ ಎದ್ದು ಹೋಗದ ಆಂಟಿ

ಕಾಗದದಷ್ಟು ತೆಳುವಾದ ಬಿಳಿ ರೊಟ್ಟಿಯ ಹಾಳೆ. ಅದರ ತುಂಬ ಒಂದೇ ಅಳತೆಯ ದುಂಡನೆಯ ತೂತುಗಳು. ತೂತುಗಳ ನಡುವೆ ಉಳಿದ ಭಾಗ ಮುಟ್ಟಿದರೆ ಮುರಿಯುತ್ತದೆ. ಹತ್ತಿರ ತಂದರೆ ಸುಟ್ಟೂ ಸುಡದ ಹಿಟ್ಟಿನ ಸಣ್ಣ ವಾಸನೆ...

ಹೋದ ಶುಕ್ರವಾರ ಸಂಜೆ ಅಮ್ಮ ಇದನ್ನು ಕವರಿನಲ್ಲಿ ತಂದು ಊಟದ ಮೇಜಿನ ಮೇಲಿಟ್ಟಳು. ಚರ್ಚಿನ ಪೂಜೆಗೆ ಬೇಕಾದ ಪುಟ್ಟ ದುಂಡು ರೊಟ್ಟಿಗಳನ್ನು ಸಿಸ್ಟರುಗಳು ಕಾನ್ವೆಂಟಿನಲ್ಲಿ ಮಾಡುತ್ತಾರೆ. ಅವನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಅಂಚುಗಳನ್ನು ಕೇಳಿದವರಿಗೆ ಕೊಡುತ್ತಾರೆ. ಗುರುಗಳು ಪೂಜೆಯಲ್ಲಿ ಅರ್ಪಿಸಿದ ಮೇಲೆ ದುಂಡು ರೊಟ್ಟಿ ಕ್ರಿಸ್ತರ ಶರೀರ, ಪರಮಪ್ರಸಾದ. ಅಂಚು ಬರೀ ಹಿಟ್ಟು, ಯಾರು ಬೇಕಾದರೂ ತಿನ್ನಬಹುದು. ಕೆಳಗಿನ ಮನೆ ಆಂಟಿ ಇದನ್ನು ತಿನ್ನುತ್ತಿದ್ದರು.

ಬನಶಂಕರಿಯಲ್ಲಿ ನಾವು ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಮಾಲೀಕರು, ಆಂಟಿ ಮತ್ತು ಅಂಕಲ್. ಅವರಿಗೆ ಮಕ್ಕಳಿರಲಿಲ್ಲ. ಅಮ್ಮ ಕೆಲಸದಿಂದ ಬರುವವರೆಗೆ ನಾನು ಅವರ ಹಾಲಿನಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಆಂಟಿ ನಮ್ಮಂತೆಯೇ ಕ್ಯಾಥೊಲಿಕ್. ನನಗೆ ಜಪಸರ ಹಿಡಿಯುವುದನ್ನು ಕಲಿಸಿದವರು ಅವರೇ. ಮೊದಲ ಪರಮಪ್ರಸಾದಕ್ಕೆ ನನ್ನನ್ನು ತಯಾರು ಮಾಡಿದವರೂ ಅವರೇ. ನನ್ನನ್ನು ನೆಟ್ಟಗೆ ನಿಲ್ಲಿಸಿ, ಅಂಚಿನ ಒಂದು ಚೂರನ್ನು ಎತ್ತಿ ಹಿಡಿದು, "ಕ್ರಿಸ್ತರ ಶರೀರ" ಎನ್ನುತ್ತಿದ್ದರು.

"ಆಮೆನ್."

"ಗೊಣಗ್ಬೇಡ ಕಣೇ. ಸೊಪ್ಪಿನೋಳ ಹತ್ರ ಚೌಕಾಸಿ ಮಾಡ್ತಿದ್ದೀಯಾ? ಗಟ್ಟಿಯಾಗಿ ಹೇಳು."

ಅಭ್ಯಾಸ ಮುಗಿದ ಮೇಲೆ ಉಳಿದ ಚೂರುಗಳನ್ನು ಅಡುಗೆಮನೆಯಲ್ಲಿ ನಿಂತು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಗ ಅವರನ್ನು ಮಾತನಾಡಿಸಿದರೆ ಉತ್ತರ ಬರುತ್ತಿರಲಿಲ್ಲ.

ಅಂಕಲ್ ಲಿಂಗಾಯತರು. ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿಯಲ್ಲೇ ಆಂಟಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚರ್ಚಿಗೆ ಕರೆತರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ, ಗೇಟಿನಾಚೆ ಪೇಪರ್ ಓದುತ್ತಿದ್ದರು. ಪೂಜೆ ಬಿಟ್ಟಾಗ ನನ್ನನ್ನು ಕಂಡರೆ ಒಂದೇ ಪ್ರಶ್ನೆ: "ಏನ್ ಪುಟ್ಟಿ, ನಿಮ್ ಫಾದರ್ ಇವತ್ತು ಬೇಗ ಬಿಟ್ಬಿಟ್ರು? ಗಂಟಲು ಕಟ್ಟಿತ್ತಾ?" ಆಂಟಿ ಅವರ ಬೆನ್ನಿಗೆ ಪರ್ಸಿನಿಂದ ಒಂದು ಏಟು ಕೊಟ್ಟು ಹಿಂದೆ ಕೂರುತ್ತಿದ್ದರು.

ಆಂಟಿ ಸಾಲಿಗೆ ಹೋಗುವುದಿಲ್ಲ ಎಂಬುದು ನನಗೆ ತಿಳಿದದ್ದು ನಾನು ಮೊದಲ ಪರಮಪ್ರಸಾದ ತೆಗೆದುಕೊಂಡ ವರ್ಷವೇ. ಪರಮಪ್ರಸಾದದ ಹೊತ್ತಿಗೆ ಒಂದೊಂದೇ ಬೆಂಚಿನವರು ಎದ್ದು ಸಾಲಾಗಿ ಮುಂದೆ ಹೋಗುತ್ತಾರೆ. ನಮ್ಮ ಬೆಂಚು ಎದ್ದಾಗ ಆಂಟಿ ಮಾತ್ರ ಮಂಡಿಯನ್ನು ಪಕ್ಕಕ್ಕೆ ತಿರುಗಿಸಿ, ಎಲ್ಲರಿಗೂ ದಾರಿ ಬಿಟ್ಟು, ಕೂತೇ ಇರುತ್ತಿದ್ದರು. ನನಗೆ ಎಲ್ಲ ಕಲಿಸಿದವರಿಗೇ ಅದು ಸಿಗುತ್ತಿಲ್ಲ ಎನ್ನುವುದು ನನ್ನ ತಲೆಗೆ ಹೋಗಲಿಲ್ಲ. ಕಾಲು ನೋವಿರಬೇಕು ಎಂದುಕೊಂಡೆ.

ಒಂದು ಭಾನುವಾರ ಫಾದರ್ ಅಂಗೈಯಲ್ಲಿಟ್ಟದ್ದನ್ನು ನಾನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿ ಕಟ್ಟಿ ಬೆಂಚಿಗೆ ಬಂದು, "ನಿಮಗೆ" ಎಂದು ಆಂಟಿಯ ಮುಂದೆ ಕೈ ಬಿಚ್ಚಿದೆ.

ಅವರ ಮುಖ ಬಿಳಿಚಿಕೊಂಡಿತು. ಪರಮಪ್ರಸಾದವನ್ನು ಹಾಗೆ ಹೊತ್ತು ತಿರುಗುವಂತಿಲ್ಲ, ಗುರುಗಳ ಎದುರಿಗೇ ಸೇವಿಸಬೇಕು. ಆಂಟಿ ಕೈ ಚಾಚಿದ್ದರೆ ಅದು ಅವರದಾಗುತ್ತಿತ್ತು. ಅವರು ಅದನ್ನೇ ನೋಡುತ್ತ ಕೂತರು... ಎಷ್ಟು ಹೊತ್ತೋ ತಿಳಿಯದು. ಆಮೇಲೆ ನನ್ನ ಕೈಯನ್ನು ನನ್ನ ಬಾಯಿಯ ಕಡೆಗೇ ತಿರುಗಿಸಿ, "ನೀನು ತಗೋ. ಈಗ್ಲೇ" ಎಂದರು. ನುಂಗಿದ ಮೇಲೆ ಅಂಗೈಯನ್ನು ಬೆಳಕಿಗೆ ಹಿಡಿದು, ಒಂದು ಚೂರೂ ಉಳಿಯದಂತೆ ನನ್ನಿಂದಲೇ ನೆಕ್ಕಿಸಿದರು. ಬೈಯಲಿಲ್ಲ.

ಅಂದು ಮನೆಗೆ ಬಂದ ಮೇಲೆ ಅಮ್ಮ ವಿಷಯ ಹೇಳಿದಳು. ಆಂಟಿಯ ಮದುವೆಯಾದದ್ದು ಅಂಕಲ್ ಮನೆಯಲ್ಲಿ, ಅವರ ಹಿರಿಯರ ಮುಂದೆ. ಚರ್ಚಿನ ಲೆಕ್ಕದಲ್ಲಿ ಅದು ಮದುವೆಯಲ್ಲ. ಪೂಜೆಗೆ ಬರಬಹುದು, ಪ್ರಾರ್ಥಿಸಬಹುದು, ಪರಮಪ್ರಸಾದ ಮಾತ್ರ ಇಲ್ಲ. ದಾರಿ ಇರಲಿಲ್ಲವೆಂದಲ್ಲ. ಬಿಷಪರ ಅನುಮತಿ ಪಡೆದು ಚರ್ಚಿನಲ್ಲಿ ಚಿಕ್ಕದಾಗಿ ವಿವಾಹ ಮಾಡಿಕೊಂಡಿದ್ದರೆ ಆಗುತ್ತಿತ್ತು. ಅಂಕಲ್ ತಯಾರಿದ್ದರು. "ಶರ್ಟ್ ಇಸ್ತ್ರಿ ಮಾಡ್ಕೊಡು, ಬಂದ್ ನಿಂತ್ಕೋತೀನಿ" ಎಂದಿದ್ದರಂತೆ. ಒಪ್ಪದವರು ಆಂಟಿ. "ಆಗಿರೋ ಮದುವೆನ ಇನ್ನೊಂದ್ಸಲ ಯಾಕೆ ಆಗ್ಲಿ? ಹಂಗಾದ್ರೆ ಇಷ್ಟ್ ದಿನ ನಾವಿಬ್ರು ಏನಾಗಿದ್ವಿ?" ಎಂದರಂತೆ.

ಎಂ.ಎ. ಓದುವಾಗ ನಾನು ದೇವತಾಶಾಸ್ತ್ರದ ಪುಸ್ತಕಗಳನ್ನು ಓದಿದೆ. ಇದು ಶಿಕ್ಷೆಯಲ್ಲ, ವಿವಾಹ ಒಂದು ಸಂಸ್ಕಾರವಾದ್ದರಿಂದ ಬರುವ ನಿಯಮ ಎಂದು ಒಂದು ಸಂಜೆ ಆಂಟಿಗೆ ವಿವರಿಸಲು ಹೋದೆ. ಅವರು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದರು. "ಗೊತ್ತು ಕಣೇ. ಚರ್ಚಿನ ಮೇಲೆ ನಂಗೇನು ಕೋಪ ಇಲ್ಲ. ಹಸಿವಾಗತ್ತೆ, ಅಷ್ಟೇ" ಎಂದರು.

ಅಂಕಲ್ ನಿದ್ದೆಯಲ್ಲೇ ಹೋದರು. ಅವರ ಕಡೆಯವರು ತಮ್ಮ ರುದ್ರಭೂಮಿಯಲ್ಲಿ ಅವರನ್ನು ಕೂರಿಸಿ ಮಣ್ಣು ಮಾಡಿದರು. ಕೆಲವು ವಾರಗಳ ನಂತರ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಫಾದರ್ ಆಂಟಿಯನ್ನು ನೋಡಲು ಬಂದು, ಇನ್ನು ಯಾವ ಅಡ್ಡಿಯೂ ಇಲ್ಲ, ಪಾಪನಿವೇದನೆ ಮಾಡಿದರೆ ಪರಮಪ್ರಸಾದ ತೆಗೆದುಕೊಳ್ಳಬಹುದು ಎಂದರು. ಆ ಶನಿವಾರ ನಾನೇ ಆಂಟಿಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಅವರು ಒಳ್ಳೆಯ ಸೀರೆ ಉಟ್ಟಿದ್ದರು. ಪಾಪನಿವೇದನೆಯ ಪೀಠದಿಂದ ಬೇಗ ಹೊರಗೆ ಬಂದರು. ಮರುದಿನ ಪೂಜೆಯಲ್ಲಿ ನಮ್ಮ ಬೆಂಚು ಎದ್ದಾಗ ಮತ್ತೆ ಮಂಡಿ ತಿರುಗಿಸಿ ಕೂತರು.

ಮನೆಗೆ ಬಂದ ಮೇಲೆ ಅವರೇ ಹೇಳಿದರು. "ಇಷ್ಟು ವರ್ಷದ ಬಾಳ್ವೆ ತಪ್ಪಾಯ್ತು ಅಂತ ಮನಸ್ಸಿಂದ ಒಂದ್ ಮಾತು ಹೇಳಿಬಿಡಿ ಅಮ್ಮ, ಸಾಕು ಅಂದ್ರು ಫಾದರ್. ಪಾಪ, ಒಳ್ಳೆ ಹುಡುಗ. ಬಾಯಿಂದ ಬರ್ಲಿಲ್ಲ ಕಣೇ."

"ಬಾಯ್ಮಾತಿಗೆ ಹೇಳಿಬಿಡಬಹುದಿತ್ತಲ್ಲ ಆಂಟಿ."

"ಅಲ್ಲಿ ಸುಳ್ಳು ಹೇಳಿ, ಆಮೇಲೆ ಅದನ್ನ ತಿನ್ಲಾ?" ಎಂದರು. ನನ್ನ ಕಡೆ ನೋಡದೆ, "ಅವ್ರಿದ್ದಾಗ ನಾನು ಸರಿ ಇರ್ಲಿಲ್ಲ. ಅವ್ರು ಸತ್ರು ಅಂತ ಸರಿಯಾಗ್ಬಿಟ್ನಾ?" ಎಂದರು.

ಚರ್ಚು ಹೇಳುವುದು ನನಗೆ ಅರ್ಥವಾಗುತ್ತದೆ, ಆಂಟಿ ಹೇಳಿದ್ದೂ ಅರ್ಥವಾಗುತ್ತದೆ. ಎರಡನ್ನೂ ಒಟ್ಟಿಗೆ ಹೊತ್ತು ಪ್ರತಿ ಭಾನುವಾರ ಆ ಬೆಂಚಿನಲ್ಲಿ ಕೂತು ನನಗೆ ಸುಸ್ತಾಗಿದೆ. ಬಿಟ್ಟುಬಿಡಲೂ ಆಗುವುದಿಲ್ಲ.

ಕೊನೆಗೆ ಆಂಟಿ ಆಸ್ಪತ್ರೆ ಸೇರಿದರು. ಫಾದರ್ ಅಲ್ಲಿಗೆ ಬರುವಷ್ಟರಲ್ಲಿ ಆಂಟಿಗೆ ಎಚ್ಚರವಿರಲಿಲ್ಲ. ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಪರಮಪ್ರಸಾದದ ಪುಟ್ಟ ಡಬ್ಬಿ ಫಾದರ್ ಜೇಬಿನಲ್ಲೇ ಇತ್ತು. ನುಂಗುವ ಸ್ಥಿತಿಯಲ್ಲಿಲ್ಲದವರಿಗೆ ಕೊಡುವಂತಿರಲಿಲ್ಲ. ಡಬ್ಬಿಯನ್ನು ಮುಟ್ಟಿ ನೋಡಿಕೊಂಡು ಹಾಗೆಯೇ ಹಿಂತಿರುಗಿದರು. ಆಂಟಿಯನ್ನು ನಮ್ಮ ಸಮಾಧಿಭೂಮಿಯಲ್ಲಿ ಮಲಗಿಸಿದೆವು. ಅಂಕಲ್ ಊರಿನ ಇನ್ನೊಂದು ಮೂಲೆಯಲ್ಲಿದ್ದಾರೆ...

ಆ ಶುಕ್ರವಾರದ ಮುಂದಿನ ಭಾನುವಾರಕ್ಕೆ ಆಂಟಿ ಹೋಗಿ ಒಂದು ವರ್ಷ. ಮೇಜಿನ ಮೇಲೆ ಕವರಿಟ್ಟು ಅಮ್ಮ ಹೇಳಿದ್ದು ಅದನ್ನೇ. ಆಂಟಿಯ ಆತ್ಮಶಾಂತಿಗೆ ಪೂಜೆ ಹೇಳಿಸಿದ್ದಾಳೆ, ಶುರುವಿನಲ್ಲಿ ಅವರ ಹೆಸರು ಓದುತ್ತಾರೆ. "ಅವರೊಬ್ರದೇ ಹೆಸರಾ?" ಎಂದು ಕೇಳಿದೆ. "ಮತ್ತೆ ಇನ್ಯಾರದು?" ಎಂದಳು. ನಾನು ಮುರಿದ ಒಂದು ಚೂರು ನಾಲಿಗೆಯ ಮೇಲೆ ಅಂಟಿಕೊಂಡು ನಿಧಾನವಾಗಿ ಕರಗಿತು. ಅದಕ್ಕೆ ರುಚಿಯೇ ಇಲ್ಲ.

ಮರುದಿನ ಬೆಳಿಗ್ಗೆ, ಚರ್ಚ್ ಆಫೀಸಿನ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಭಾನುವಾರದ ಪೂಜೆಗೆ ಇನ್ನೊಂದು ಹೆಸರು ಸೇರಿಸಬೇಕು ಎಂದೆ. ಹೆಸರು ಕೇಳಿ ಗುಮಾಸ್ತರು ತಲೆಯೆತ್ತಿದರು.

"ಇವ್ರು ನಮ್ಮವ್ರಲ್ಲ ಅಲ್ವಾ ಮೇಡಂ?"

"ಭಾನುವಾರದ ಪೂಜೆ ಯಾರಿಗಿದ್ಯೋ ಅವರ ಗಂಡ. ಹಾಗೇ ಓದ್ಬೇಕು, ಅವರ ಪತಿ ಅಂತ."

"ಪೂಜೆ ಯಾರಿಗೆ ಬೇಕಾದ್ರೂ ಹೇಳಿಸ್ಬೋದು. ಪತಿ ಅಂತ ಓದೋದು... ಫಾದರ್‌ನ ಕೇಳ್ಬೇಕು. ಅವ್ರು ಬರೋದು ಲೇಟಾಗತ್ತೆ."

"ಪರವಾಗಿಲ್ಲ" ಎಂದು ಕುರ್ಚಿ ಎಳೆದುಕೊಂಡು ಕೂತೆ.