ಸೀಲಿಗೆ ಬಂದವಳ ಕೈಗೆ ಶಾಲಿನ ತಟ್ಟೆ

ಗೆಳೆಯರೇ, ಇವತ್ತು ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ. ಸನ್ಮಾನ ಮಾತ್ರ ನಮಗೆ, ಅಂದರೆ ಸಿಬ್ಬಂದಿಗೆ.

ರಾರಾವಿ ಹಳ್ಳಿಯಿಂದ ಬಂದ ಹೊಸ ಹುಡುಗಿಯೊಬ್ಬಳು ವೇದಿಕೆ ಹತ್ತಿ, ಅಲ್ಲಿ ಕೂತಿದ್ದ ಕಚೇರಿ ಸೂಪರಿಂಟೆಂಡೆಂಟರ ಮುಂದೆ ಫಾರ್ಮ್ ಹಿಡಿದಳು. "ಸರ್, ಬಸ್ ಪಾಸಿಗೆ ಕಾಲೇಜಿನ ಸೀಲು ಬೇಕಾಗಿತ್ರಿ."

ಅವರು ಬಾಯಿ ತೆರೆಯುವ ಮೊದಲೇ ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು, "ಛಲೋ ಟೈಮಿಗೆ ಬಂದಿ ನೋಡವ್ವ, ಈ ಶಾಲಿನ ತಾಟು ಹಿಡಕೊಂಡು ನಿಂದ್ರು" ಎಂದು ತಟ್ಟೆಯನ್ನು ಅವಳ ಕೈಗಿಟ್ಟರು.

ಅಷ್ಟರಲ್ಲಿ ವಾಣಿಜ್ಯ ವಿಭಾಗದ ಮುಖ್ಯಸ್ಥರು ಸಿಡಿದರು. "ಇತಿಹಾಸದವರಿಗೆ ಶಾಲು, ನಮಗ ಬರೇ ಗುಲಾಬಿ ಏನ್ರಿ? ನಾವೇನು ಬಿಟ್ಟಿ ಬಂದೀವೇನು?" ಅವರ ಮಾನ ಉಳಿಸಲು ಸತ್ಯನಾರಾಯಣಪೇಟೆಯ ಅಂಗಡಿಯಿಂದ ಇನ್ನಷ್ಟು ಶಾಲು ಬರಬೇಕಾಯಿತು. ಹುಡುಗಿ ತಟ್ಟೆ ಹಿಡಿದು ನಿಂತೇ ಇದ್ದಳು.

ಎಲ್ಲ ವಿಭಾಗಗಳ ಹೆಗಲೂ ಬೆಚ್ಚಗಾದ ಮೇಲೆ ಅವಳು ಮತ್ತೆ ಫಾರ್ಮ್ ಚಾಚಿದಳು. "ಈಗ ಊಟದ ಟೈಮ್ ಐತಮ್ಮ, ನಾಳಿ ಬಾ" ಎಂದರು ಸೂಪರಿಂಟೆಂಡೆಂಟ್.

"ನಾಳಿ ಬರಾಕ ಪಾಸು ಬೇಕಲ್ರಿ ಸರ್!"

ಸೂಪರಿಂಟೆಂಡೆಂಟ್ ಆಗಲೇ ಊಟದ ಕಡೆ ಹೊರಟಿದ್ದರು. ಊಟಕ್ಕೆ ಯಾವ ವಿಭಾಗ ಮೊದಲು ಕೂರಬೇಕೆಂಬ ಜಗಳ ಶುರುವಾಗಿತ್ತು.

ಸಂಜೆ ಕಾಲೇಜಿನ ವಾಟ್ಸಾಪ್ ಗುಂಪಿಗೆ ಫೋಟೋ ಬಂತು: 'ಹೊಸ ವಿದ್ಯಾರ್ಥಿಗಳಿಗೆ ಹಾರ್ದಿಕ ಸ್ವಾಗತ.' ಅದರಲ್ಲಿರುವ ಹೊಸ ವಿದ್ಯಾರ್ಥಿ ಎಂದರೆ ತಟ್ಟೆ ಹಿಡಿದ ಎರಡು ಕೈ ಮಾತ್ರ. ತಟ್ಟೆಯಡಿಯಿಂದ ಆ ಫಾರ್ಮೂ ಇಣುಕುತ್ತಿದೆ. ಎಡದಿಂದ ಮೂರನೆಯವನು, ಕ್ಯಾಮೆರಾಕ್ಕೆಂದು ಶಾಲು ಸರಿಮಾಡಿಕೊಳ್ಳುತ್ತಿರುವ ಪುಣ್ಯಾತ್ಮ, ನಾನೇ.