ಕೊನೆಯ ಹಾಳೆ ಮೊದಲು

"ಬಾಯಾರ, ಇದರಾಗ ಯಾರರ ಸಾಯ್ತಾರೇನ್ರಿ?"

ಕುಂದಗೋಳಕ್ಕೆ ಬಂದ ಹೊಸದರಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಒಡತಿ ಬಸಮ್ಮನವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಟ್ರಂಕು ಬಿಚ್ಚಿ ಪುಸ್ತಕಗಳನ್ನು ಗೂಡಿನಲ್ಲಿ ಜೋಡಿಸುತ್ತಿದ್ದೆ. ಮೈಸೂರಿನಲ್ಲಿ ನನ್ನ ಪುಸ್ತಕ ಕಂಡವರು ಯಾರು ಬರೆದದ್ದು, ಹೇಗಿದೆ, ಓದಿ ಕೊಡುತ್ತೇನೆ ಎನ್ನುತ್ತಿದ್ದರು. ಯಾರು ಸಾಯುತ್ತಾರೆ ಎಂದು ಯಾರೂ ಕೇಳಿದ್ದಿಲ್ಲ. ಇನ್ನೂ ಓದಿಲ್ಲ, ಗೊತ್ತಿಲ್ಲ ಎಂದೆ.

"ಗೊತ್ತಿಲ್ಲಂದ್ರ ಹ್ಯಾಂಗ್ರಿ? ಕಡೀ ಹಾಳಿ ನೋಡಿ ಹೇಳ್ರಿ. ನಮ್ಮ ಸೊಸಿ ಓದತೀನಿ ಅಂತಾಳ. ಬಸರಿ ಅದಾಳ. ಏಳು ವರ್ಷಕ್ಕ ದೇವರು ಕಣ್ಣ ತೆರದಾನ."

ಅವರ ಬೆನ್ನ ಹಿಂದೆ ಸೊಸೆ ನೀಲವ್ವ ನಿಂತಿದ್ದಳು. ನೋಟವೆಲ್ಲ ಪುಸ್ತಕಗಳ ಮೇಲೆ.

ಯಜಮಾನರಿಗೆ ಇಲ್ಲಿಯ ಪಶು ಆಸ್ಪತ್ರೆಗೆ ವರ್ಗವಾಯಿತು ಎಂದು ಶುಕ್ರವಾರದ ಗುಂಪಿನ ಗೆಳತಿಯರಾದ ನಿಮಗೆಲ್ಲ ಗೊತ್ತು. ನಾನು ಇಲ್ಲಿ 'ದನದ ಡಾಕ್ಟರ ಬಾಯಾರು', ಅಂದರೆ ಡಾಕ್ಟರ ಮನೆಯ ಅಮ್ಮಾವರು, ಆಗಿದ್ದೇನೆ. ನನ್ನ ಹೆಸರು ಏನೆಂದು ತಿಳಿಯುವ ಕುತೂಹಲ ಓಣಿಯಲ್ಲಿ ಯಾರಿಗೂ ಇಲ್ಲ. ಮೊದಲ ಮಳೆಗೆ ಎರೆ ಮಣ್ಣು ನನ್ನ ಎರಡೂ ಚಪ್ಪಲಿಗಳನ್ನು ಹಿಡಿದುಕೊಂಡು ಬಿಡಲಿಲ್ಲ. ಬರಿಗಾಲಲ್ಲಿ ಮನೆಗೆ ಬಂದೆ. ನಮ್ಮಲ್ಲಿ ಅನ್ನ ಕಲಸುವ ಹೊತ್ತಿಗೆ ಇಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಕಾಫಿ ಪುಡಿ ಹುಬ್ಬಳ್ಳಿಯಿಂದ ಬರಬೇಕು. ಮಾತು ಕನ್ನಡವೇ ಆದರೂ ಮೊದಮೊದಲು ಎಲ್ಲರೂ ನನ್ನನ್ನು ಗದರುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಮೊದಲೇ ಸಿಡುಕಿ. ತಿಂಗಳೊಪ್ಪತ್ತು ಬಾಗಿಲು ಹಾಕಿಕೊಂಡು ಓದುತ್ತಾ, ಆಗಾಗ ಅಳುತ್ತಾ ಕುಳಿತೆ.

ಆ ಬಾಗಿಲನ್ನು ತಟ್ಟಿದವಳು ನೀಲವ್ವ. ಏಳನೆಯ ಇಯತ್ತೆಗೆ, ಅಂದರೆ ಏಳನೆಯ ತರಗತಿಗೆ, ಶಾಲೆ ಬಿಡಿಸಿದ್ದರು. ಆದರೂ ಅವಳ ಓದು ಕೇಳುವಂತಿತ್ತು. ಮಧ್ಯಾಹ್ನ ಊಟದ ಮೇಲೆ ನಮಗೂ ಬಸಮ್ಮನವರಿಗೂ ಒಂದೇ ಆದ ಪಡಸಾಲೆಯಲ್ಲಿ ಓಣಿಯ ಐದಾರು ಹೆಂಗಸರು ಶೇಂಗಾ ಸುಲಿಯಲು ಕೂಡುತ್ತಿದ್ದರು. ಅಲ್ಲಿ ಅವಳು ಓದುವುದು, ಉಳಿದವರು ಕೇಳುವುದು ಎಂದು ಮಾತಾಯಿತು. ನನಗೆ ಎಲ್ಲಿಲ್ಲದ ಉಮೇದು ಬಂತು. ಹೆಂಗಸರು ಬರೆದದ್ದನ್ನು ಮಾತ್ರ ಓದುವುದೆಂದು ನಾವು ಮೈಸೂರಿನ ಶುಕ್ರವಾರದ ಗುಂಪಿನಲ್ಲಿ ಮಾಡಿಕೊಂಡಿದ್ದೆವಲ್ಲ, ಅದೇ ನಿಯಮವನ್ನು ಇಲ್ಲೂ ಹಾಕಿದೆ. ಯಾರೂ ಬೇಡವೆನ್ನಲಿಲ್ಲ. ಆದರೆ ತಮ್ಮದೂ ಎರಡನ್ನು ಸೇರಿಸಿದರು.

ಇಲ್ಲಿ ಶ್ರಾವಣದಲ್ಲಿ ಮಠದಲ್ಲಿ ಪುರಾಣ 'ಹಚ್ಚುತ್ತಾರೆ'. ಓದು ಶುರುಮಾಡುವುದಕ್ಕೆ ಆ ಮಾತು. ಹಚ್ಚಿದ ಪುರಾಣವನ್ನು ನಡುವೆ ಬಿಡುವಂತಿಲ್ಲ. ಮುಗಿದ ದಿನ ಕಾಯಿ ಒಡೆದು ಸಕ್ಕರೆ ಹಂಚಿ 'ಮಂಗಲ' ಮಾಡಬೇಕು. ಇವರ ಪಾಲಿಗೆ ಕಾದಂಬರಿಯೂ ಹಾಗೆಯೇ. ಹಚ್ಚಿದರೆ ಮುಗಿಸಬೇಕು. ಮಂಗಲದ ದಿನ ಸಾವನ್ನು ಓದುವ ಹಾಗಿಲ್ಲ. ಅದೂ ಬಸುರಿ ಹೆಂಗಸು ಓದುವಾಗ!

ಹಾಗಾಗಿ ನಾನು ಪುಸ್ತಕ ಆರಿಸುವ ರೀತಿಯೇ ತಲೆಕೆಳಗಾಯಿತು. ಭಾಷೆ, ಶೈಲಿ, ವಿಚಾರ ಎಂದು ನಾವು ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. ಇಲ್ಲಿ ನಾನು ಗೂಡಿನ ಮುಂದೆ ನಿಂತು ಒಂದೊಂದೇ ಪುಸ್ತಕದ ಕೊನೆಯ ಹಾಳೆ ತಿರುವಿದೆ. ಒಬ್ಬಳು ಬಾವಿಗೆ ಬೀಳುತ್ತಾಳೆ. ಒಬ್ಬಳಿಗೆ ಕ್ಷಯ. ಒಬ್ಬಳು ಹೆರಿಗೆಯಲ್ಲಿ ಹೋಗುತ್ತಾಳೆ. ಒಬ್ಬಳಂತೂ ಯಾವ ಕಾಯಿಲೆಯೂ ಇಲ್ಲದೆ ಸುಮ್ಮನೆ ಕಣ್ಣು ಮುಚ್ಚುತ್ತಾಳೆ. ಬೇಡವಾದವು ಒಂದು ಕಡೆ ರಾಶಿಯಾಗುತ್ತಾ ಹೋದಾಗ ಪಕ್ಕದ ಮನೆಯ ಕಾಶವ್ವ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು:

"ಎಲ್ಲಾ ಹೆಂಗಸರ ಬರದದ್ದು ಅಂತೀರಿ. ಮತ್ತ ಇವರು ಹೆಂಗಸರನ್ನ ಯಾಕ್ ಕೊಲ್ಲತಾರ್ರೀ?"

ಶುಕ್ರವಾರದ ಗುಂಪಿನಲ್ಲಿ ಎಷ್ಟು ಮಾತಾಡಿದರೂ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ಬೇಡವಾದ ರಾಶಿಯಿಂದ ನೀಲವ್ವ ಒಂದು ದಪ್ಪ ಪುಸ್ತಕ ಎತ್ತಿಕೊಂಡಳು. ಮನೆಯವರ ಜೊತೆ ಕಾದಾಡಿ ಕಾಲೇಜಿಗೆ ಹೋಗುವ ಹುಡುಗಿಯ ಕಥೆ ಎಂದು ನಾನೇ ಹಿಂದೊಮ್ಮೆ ಅವಳಿಗೆ ಹೇಳಿದ್ದೆ. ಕೊನೆಯಲ್ಲಿ ಆ ಹುಡುಗಿ ಸಾಯುತ್ತಾಳೆ. ಕೊನೆಯ ಅಧ್ಯಾಯ ಬಿಟ್ಟು ಓದೋಣ ಎಂದೆ. ಹಚ್ಚಿದ್ದನ್ನು ನಡುವೆ ಬಿಡುವುದುಂಟೇ ಎಂಬಂತೆ ಬಸಮ್ಮನವರು ನನ್ನನ್ನು ನೋಡಿದರು. ನೀಲವ್ವ ಪುಸ್ತಕವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ಇದನ್ನ ಎತ್ತಿ ಇಡ್ರಿ ಅಕ್ಕಾರ. ಹಡದು ಬಂದ ಮ್ಯಾಲ ಓದತೀನಿ. ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಓದತೀನಿ, ಆಗ ಯಾರು ಬ್ಯಾಡ ಅಂತಾರ?"

"ಆಗ ಯಾರನ್ನರ ಸಾಯಿಸಿಕೋ ನಮ್ಮವ್ವಾ" ಎಂದು ಬಸಮ್ಮನವರೂ ನಕ್ಕರು.

ಸಾವಿಲ್ಲದ ಎರಡು ಪುಸ್ತಕ ಸಿಕ್ಕವು. ಎರಡೂ ಅಷ್ಟಕ್ಕಷ್ಟೇ, ಶುಕ್ರವಾರದ ಗುಂಪು ಮೂಸಿಯೂ ನೋಡುತ್ತಿರಲಿಲ್ಲ. ಆದರೆ ಪಡಸಾಲೆಯಲ್ಲಿ ಅವುಗಳನ್ನು ಕೇಳಿದ ದಿನಗಳಲ್ಲಿ ನಾನು ಮೈಸೂರನ್ನು ನೆನೆಯಲಿಲ್ಲ. ಎರಡನೆಯದರ ಮಂಗಲವಾದ ಮೇಲೆ ಕುಬಸವಾಯಿತು. ಕುಬಸವೆಂದರೆ ನಮ್ಮ ಸೀಮಂತ. ಹಸಿರು ಬಳೆ ತೊಟ್ಟು ನೀಲವ್ವ ಅಣ್ಣಿಗೇರಿ ಕಡೆಯ ತನ್ನ ತವರಿಗೆ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ಪುಸ್ತಕದ ಹಾಳೆ ತಿರುವಿದಂತೆ ಮಾಡಿ ತೋರಿಸಿ ನಕ್ಕಳು.

ಕೂಸು ಉಸಿರಾಡಲಿಲ್ಲ.

ಸುದ್ದಿ ತಂದವನು ಅವಳ ಅಣ್ಣ. ಬಸಮ್ಮನವರು ಕೇಳಿ, ಅವನಿಗೆ ನೀರು ಕೊಟ್ಟು, ಒಳಗೆ ಹೋದರು. ಇಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಹಾಡಿಕೊಂಡು ಅಳುತ್ತಾರೆ, ಓಣಿಗೆಲ್ಲ ಕೇಳುತ್ತದೆ. ನಾನು ಗೋಡೆಯ ಈಚೆ ಕಾಯುತ್ತಾ ಕುಳಿತೆ. ಯಾವ ದನಿಯೂ ಬರಲಿಲ್ಲ. ಸಂಜೆ ಎಂದಿನಂತೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. "ಉಸಿರ ಇಲ್ಲದ ಕೂಸಿಗೆ ಅಳೂ ಪದ್ಧತಿ ಇಲ್ರಿ" ಎಂದು ಕಾಶವ್ವ ನನಗೆ ಮೆಲ್ಲಗೆ ಹೇಳಿದಳು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಬಾಣಂತನದ ದಿನ ಕಳೆದು ನೀಲವ್ವ ಬರಿಗೈಯಲ್ಲಿ ಗಂಡನ ಮನೆಗೆ ಬಂದಳು. ಮಾರನೆಯ ಮಧ್ಯಾಹ್ನವೇ ನಮ್ಮ ಬಾಗಿಲಲ್ಲಿ ನಿಂತಳು.

"ಆ ಪುಸ್ತಕ ಕೊಡ್ರಿ ಅಕ್ಕಾರ. ಈಗ ಹಚ್ಚೂಣು. ಇನ್ನೇನ್ ಹೆದರಿಕಿ?"

ನಾನು ಪಡಸಾಲೆಯಲ್ಲಿದ್ದ ಬಸಮ್ಮನವರ ಮುಖ ನೋಡಿದೆ. ಅವರು ಶೇಂಗಾದ ಬುಟ್ಟಿ ಎಳೆದುಕೊಂಡು, "ಓದಲಿ ಬಿಡ್ರಿ" ಎಂದರು.

ಓದಿದಳು. ಹುಡುಗಿ ಕಾದಾಡಿದ್ದನ್ನೂ ಕಾಲೇಜಿಗೆ ಹೋದದ್ದನ್ನೂ ಒಂದೇ ದನಿಯಲ್ಲಿ ಓದಿದಳು. ಕೊನೆಯ ದಿನ ಹುಡುಗಿ ಸತ್ತಾಗ ಪಡಸಾಲೆಯಲ್ಲಿ ಸುಲಿಯುವ ಸದ್ದು ನಿಂತಿತು. ಬಸಮ್ಮನವರು ಸೆರಗು ಮುಖಕ್ಕೆ ಹಚ್ಚಿಕೊಂಡು ಹಾಡಿಕೊಂಡು ಅಳತೊಡಗಿದರು. ಕಲಿತವಳೇ, ಜಾಣೆಯೇ ಎಂದು ಶುರುವಾದ ಹಾಡು ಎಲ್ಲಿ ತಿರುಗಿತೋ ತಿಳಿಯಲಿಲ್ಲ. "ಏಳು ವರ್ಷ ನಿನ್ನ ದಾರಿ ಕಾದೇನವ್ವಾ, ನನ್ನ ಮಾರಿ ನೋಡದ ಹೋದೆಲ್ಲವ್ವಾ" ಎನ್ನುತ್ತಿದ್ದರು. ಎಲ್ಲರೂ ಅತ್ತರು. ನೀಲವ್ವ ಅಳಲಿಲ್ಲ. ಪುಸ್ತಕ ಮುಚ್ಚಿ, ಎದ್ದು ಹೋಗಿ ಕಾಯಿ ಒಡೆದು, ಒಬ್ಬೊಬ್ಬರ ಅಂಗೈಗೂ ಸಕ್ಕರೆ ಹಾಕಿದಳು.

ಇಲ್ಲಿ 'ಹಳಹಳಿ' ಎಂಬ ಮಾತಿದೆ. ಕೈತಪ್ಪಿದ್ದನ್ನು ನೆನೆನೆನೆದು ಮರುಗುವುದು. ಆ ಪುಸ್ತಕವನ್ನು ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಓದಬೇಕಿತ್ತು ಎಂಬ ಹಳಹಳಿ ನನ್ನನ್ನು ಬಿಟ್ಟಿಲ್ಲ.

ಮೊನ್ನೆ ನಾನು ಮೈಸೂರಿಗೆ ಹೊರಟಾಗ ಬಸಮ್ಮನವರು ಬುತ್ತಿ ಕಟ್ಟಿಕೊಟ್ಟು ಹೇಳಿದರು: "ಬರೂ ಮುಂದ ಪುಸ್ತಕ ತರ್ರಿ. ಇನ್ನ ಯಾರ ಸತ್ತರೂ ನಡೀತೈತಿ."

ಇಷ್ಟು ದಿನ ನಾನು ಗೊಣಗುತ್ತಿದ್ದ ಕಟ್ಟಳೆಯನ್ನು ಅವರೇ ಬಿಟ್ಟುಕೊಟ್ಟಿದ್ದರು. ಈಗ ಅದು ಉಳಿಯಬೇಕಿತ್ತು ಎಂದು ನನಗೇ ಅನ್ನಿಸಿತು. ಶುಕ್ರವಾರ ನಿಮ್ಮ ನಡುವೆ ಕುಳಿತಾಗ, ಮುಂದಿನ ಪುಸ್ತಕದ ಮಾತು ಬಂದಾಗ, "ಅದರಲ್ಲಿ ಯಾರಾದರೂ ಸಾಯುತ್ತಾರಾ?" ಎಂದು ಕೇಳಿದೆ. ನೀವೆಲ್ಲ ನಕ್ಕಿರಿ. ದನದ ಡಾಕ್ಟರ ಹೆಂಡತಿ ಪೂರಾ ಹಳ್ಳಿಯವಳಾದಳು ಎಂದು ಸರೋಜ ಅಂದಳು. ನಾನೂ ನಕ್ಕೆ. ನಿಮಗೆ ಅಂದು ಹೇಳಲಾಗದ್ದನ್ನೇ ಈಗ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಹೆಂಗಸರ ಪುಸ್ತಕಗಳನ್ನು ಒಂದೊಂದಾಗಿ ಹಿಂದಿನಿಂದ ತೆರೆದೆ. ಕೊನೆಗೆ ಯಾರೂ ಸಾಯದ ಒಂದನ್ನು ಕೊಂಡು ರೈಲು ಹತ್ತಿದೆ. ಕುಂದಗೋಳದಲ್ಲಿ ನೀಲವ್ವನ ಕೈಗೆ ಕೊಟ್ಟಾಗ ಅವಳೂ ಕೊನೆಯ ಹಾಳೆಯನ್ನೇ ಮೊದಲು ತೆರೆದಳು. ಓದಿದಳು. ಸೆರಗಿನಿಂದ ಒರೆಸಿ ಮರಳಿ ನನಗೇ ಕೊಟ್ಟಳು.

"ಇದನ್ನ ಈಗ ಬ್ಯಾಡ್ರಿ ಅಕ್ಕಾರ. ಎತ್ತಿ ಇಡ್ರಿ. ಮುಂದ ಮತ್ತ ದೇವರು ಕಣ್ಣ ತೆರದಾಗ ಬೇಕಾಗತೈತಿ."

ಗೂಡಿನ ಮೇಲಿನ ಸಾಲಿನಲ್ಲಿ ಇಟ್ಟಿದ್ದೇನೆ. ಮೈಸೂರಿಗೆ ಮರಳಿ ವರ್ಗ ಬೇಕೆಂದು ಯಜಮಾನರಿಂದ ಅರ್ಜಿ ಹಾಕಿಸಿದವಳು ನಾನೇ. ಈಗ ಪೋಸ್ಟಿನವನ ಸೈಕಲ್ಲು ಓಣಿಗೆ ತಿರುಗಿದರೆ, ವರ್ಗದ ಆದೇಶ ಇವತ್ತು ಬರದಿರಲಿ, ನೀಲವ್ವ ಆ ಪುಸ್ತಕ ಕೇಳುವವರೆಗಾದರೂ ಬರದಿರಲಿ ಎಂದುಕೊಳ್ಳುತ್ತೇನೆ.